ಮಸೂರಕ್ಕಿಟ್ಟ ಬೊಟ್ಟು

ಬಸ್ಸಿನ ಮುಂಗಾಜಿನ ಮೇಲಿನ ಕುಂಕುಮದ ಬೊಟ್ಟು ಮತ್ತೆ ಗುಡ್ಡದ ನೆತ್ತಿ ಬಿಟ್ಟು ಎಡಕ್ಕೆ ಸರಿಯಿತು, ಸರಿದದ್ದು ಗುಡ್ಡವೋ ಬೊಟ್ಟೋ, ಗುಡ್ಡ ಎಲ್ಲಿಗೆ ಹೋದೀತು, ಕುಲುಕುವುದೆಲ್ಲ ಈ ಬಸ್ಸು, ಆನಂದಪುರ ದಾಟಿತು, ಇನ್ನು ರಿಪ್ಪನ್‌ಪೇಟೆ, ಆಮೇಲೆ ತೀರ್ಥಹಳ್ಳಿ, ಅಲ್ಲಿ ಮಾವ ಮುಕುಂದಯ್ಯನವರು ನೋಟವಿಲ್ಲದ ಮುಖವೆತ್ತಿ ಕೇಳುತ್ತಾರೆ, ನಮ್ಮ ಗೌರಿ ಸುತ್ತುತಿದ್ದಾಳಾ ಅಳಿಯಂದ್ರೇ — ಏನು ಹೇಳಲಿ, ಹೆಂಡತಿಯ ತಿಥಿಗೆ ಬಂದಾಗಲೆಲ್ಲ ಹೌದು ಮಾವಯ್ಯ ಎಂದವನು ಈ ಸುಂದರೇಶನೇ, ತಾನೇ ಹಚ್ಚಿದ ಹುಚ್ಚಲ್ಲವೆ, ವೀಕ್ಷಣಾಲಯದ ಫೋಟೋ ಪ್ಲೇಟುಗಳನ್ನು ವರ್ಷಗಟ್ಟಲೆ ಅಳೆದಳೆದು, ಒಂದು ನಕ್ಷತ್ರ ಕೂದಲೆಳೆಯ ನೂರರಲ್ಲೊಂದು ಪಾಲು ಓಲಾಡಿದ್ದು ಕಂಡು, ಕಾಣದ ಗ್ರಹವೊಂದು ಅದನ್ನು ಸೆಳೀತಿದೆ ಮಾವಯ್ಯ, ಅದನ್ನ ನಿಮ್ಮ ಮಗಳ ಹೆಸರಲ್ಲೇ ಮಂಗಳಗೌರಿ ಅಂತ ಕರೀತೀನಿ ಎಂದದ್ದು, ಅಂದಿನಿಂದ ಮುದುಕರು ಅಳುವುದು ಬಿಟ್ಟರು, ಸಂಜೆ ಬಾಯಿಪಾಠದ ಪದ್ಯ ಹಾಡುವಾಗ ನಡುವೆ ನಿಲ್ಲಿಸಿ ಆಕಾಶಕ್ಕೆ ಕಿವಿಗೊಡುತ್ತಾರೆ, ಮಗಳು ಇದ್ದಾಳೆ — ಇಲ್ಲ, ಎಲ್ಲೂ ಇಲ್ಲ, ಹೋದ ತಿಂಗಳು ಆಕಾಶದ ಇನ್ನೊಂದು ಮೂಲೆಯ ನಕ್ಷತ್ರ ಅಳೆದರೆ ಅದೂ ಮೊದಲಿನದು ಸರಿದ ಅದೇ ದಸರೆಗೆ ಆಚೆ ಸರಿದು, ಮುಂದಿನ ದಸರೆಗೆ ಈಚೆ, ಮತ್ತೊಂದೂ ಹಾಗೇ, ಮುಖ ಪರಿಚಯವಿಲ್ಲದ ನಕ್ಷತ್ರಗಳು ಒಂದೇ ತಾಳಕ್ಕೆ ಕುಣಿಯುವುದುಂಟೆ, ಕುಣಿದದ್ದು ದೂರದರ್ಶಕ, ಅರವತ್ಮೂರರ ಆಯುಧಪೂಜೆ, ಮೆಕ್ಯಾನಿಕ್ ಜಟ್ಟಿಂಗಪ್ಪ ದೊಡ್ಡ ಮಸೂರವನ್ನು ಕಳಚುತ್ತಾ, ಸುತ್ತಿಗೆ ಸ್ಪ್ಯಾನರಿಗೆಲ್ಲ ಸ್ನಾನ ಆಯ್ತು, ಇದೊಂದಕ್ಕೇನು ಸೂತಕವಾ ಸ್ವಾಮೀ, ಸುಂದರೇಶನೂ ಅವನೂ ನಕ್ಕರು, ತೊಳೆದರು, ಅಂಚಿಗೆ ಕುಂಕುಮವಿಟ್ಟರು, ಬೊಟ್ಟು ಮೂಡಲಿಗೇ ಬರಲಿ ಎಂದು ಮಸೂರವನ್ನು ಒಂದಿಷ್ಟು ತಿರುಗಿಸಿ ಕೂರಿಸಿದರು, ದಸರೆ ದಸರೆಗೂ ಹೀಗೇ ತಿರುಗಿಸಿ, ಮಸೂರ ತಿರುಗಿದಾಗೆಲ್ಲ ಪ್ಲೇಟಿನ ನಕ್ಷತ್ರ ಜರುಗಿತು, ಜರುಗಿದ್ದಕ್ಕೆ ಗ್ರಹವೆಂದು ಹೆಸರಾಯಿತು, ಕೈ ಮುಗಿದದ್ದೇ ಮುಳುವಾಯಿತಲ್ಲ ದೇವರೇ, ತೀರ್ಥಹಳ್ಳಿ ಇಳೀರಿ, ಓ ಸ್ವಾಮಿ, ನಿಮಗೇ ಹೇಳಿದ್ದು, ಮನೆಗೆ ಹೋಗಿ ಕನಸು ಕಾಣಿ, ಕಂಡಕ್ಟರು ನಗುತ್ತಾನೆ, ಕೆಳಗೆ ಕೋಲೂರಿಕೊಂಡು ಮಾವಯ್ಯ, ಬಂದ್ರಾ ಅಳಿಯಂದ್ರೇ, ನಮ್ಮ ಗೌರಿ ಸುತ್ತುತಿದ್ದಾಳಾ, ಹೌದೆಂದರೆ ಸುಳ್ಳು, ಇಲ್ಲವೆಂದರೆ ಅವಳನ್ನು ಇನ್ನೊಮ್ಮೆ ಚಟ್ಟಕ್ಕೇರಿಸಿದ ಹಾಗೆ, ಬಂದದ್ದು ನೀವೇ ತಾನೆ, ಕಣ್ಣೆದುರು ಅಂದು ಚಟ್ಟದ ಮೇಲಿದ್ದ ಅವಳ ಹಣೆ, ತಾನೇ ಇಟ್ಟ ಕುಂಕುಮ, ಹೊತ್ತವರ ನಡಿಗೆಗೆ ಬೊಟ್ಟು ಓಲಾಡುತ್ತಿತ್ತು, ಅವಳೇ ತಲೆ ಅಲ್ಲಾಡಿಸಿದ ಹಾಗೆ, ಬೊಟ್ಟು, ಆ ಬೊಟ್ಟು