ಕಾರಿಗೊಂದು ಹಗ್ಗ

ನಮ್ಮ ಯಜಮಾನರ ಹೆಸರು ಓಬಳಯ್ಯ. ಗಂಡನ ಹೆಸರು ಹೇಳಬಾರದೆನ್ನುತ್ತಾರೆ. ಈ ಕತೆ ಕೇಳಿದ ಮೇಲೆ ಹೇಳಿದ್ದು ಸರಿಯೆಂದು ನೀವೇ ಒಪ್ಪುತ್ತೀರಿ. ಅವರಿಗೆ ಎತ್ತಿನ ವ್ಯಾಪಾರ ಬಿಟ್ಟರೆ ಬೇರೆ ವ್ಯಾಪಾರ ಗೊತ್ತಿರಲಿಲ್ಲ. ಹಾಗಾಗಿ ಕಾರನ್ನೂ ಎತ್ತು ಕೊಂಡ ಹಾಗೆಯೇ ಕೊಂಡರು.

ಕಾರು ಬೇಕೆಂದು ಹಟ ಹಿಡಿದವಳು ಮಾತ್ರ ನಾನೇ. ಐದು ವರ್ಷದ ಹಿಂದೆ, ಯುಗಾದಿಗೆಂದು ಪಾವಗಡದ ತವರಿಗೆ ಹೋದಾಗ, ಅಪ್ಪನ ಮನೆಯ ಬಾಗಿಲಲ್ಲೇ ನಮ್ಮ ಗಾಡಿಯ ಅಚ್ಚು ಮುರಿದು ನಾವಿಬ್ಬರೂ ಹುಲ್ಲಿನ ಸಮೇತ ಬೀದಿಗೆ ಬಿದ್ದೆವು. ನಮ್ಮಪ್ಪ ಕದರಪ್ಪ ಓಡಿಬಂದು ಎಬ್ಬಿಸುವುದು ಬಿಟ್ಟು, ಜಗಲಿಯ ಮೇಲೆ ನಿಂತು ಅಳಿಯನತ್ತ ಕೈ ತೋರಿಸಿ, ತನ್ನ ತೆಲುಗು ಬೆರೆತ ಮಾತಿನಲ್ಲಿ ಬೀದಿಗೆಲ್ಲ ಕೇಳುವಂತೆ, "ಮಾ ಅಲ್ಲುಡು ಎತ್ತಿನ ಬಾಲ ಹಿಡ್ಕಂಡೇ ಸಾಯೋ ಮನ್ಸ ಕಣ್ರಪ್ಪ" ಎಂದು ನಕ್ಕ.

ನನಗೆ ಮೈಯೆಲ್ಲ ಉರಿಯಿತು. "ಇನ್ನು ಬಂದ್ರೆ ಮೋಟಾರ್‌ನಾಗೆ ಬಂದು ನಿನ್ನ ಬಾಗ್ಲಾಗೆ ಇಳೀತೀನಿ. ಇಲ್ದಿದ್ರೆ ನಿನ್ನ ಹೊಸ್ಲು ತುಳಿಯಾಕಿಲ್ಲ" ಎಂದುಬಿಟ್ಟೆ. ಹೇಳುವಾಗ ಚೆನ್ನಾಗಿಯೇ ಇತ್ತು. ಆಮೇಲೆ ಐದು ಯುಗಾದಿ ಬಂದು ಹೋದವು. ಅಪ್ಪನನ್ನು ನೋಡಬೇಕೆನ್ನಿಸದ ದಿನವಿರಲಿಲ್ಲ, ಆದರೆ ಆಡಿದ ಮಾತನ್ನು ನುಂಗುವ ಜಾತಿ ನನ್ನದಲ್ಲ. ಅಪ್ಪನದೂ ಅಲ್ಲ. ಅಷ್ಟರಲ್ಲಿ ತಂಗಿ ಜಯಕ್ಕನ ಮದುವೆ ಗೊತ್ತಾಯಿತು. ಇನ್ನು ಮೋಟಾರು ಬರಲೇಬೇಕಾಯಿತು.

ಶಿರಾದಲ್ಲಿ ಗುಲಾಮ್ ಮೊಹಿದ್ದೀನ್ ಎಂಬ ಎತ್ತಿನ ದಲ್ಲಾಳಿ ಇದ್ದರು. ವರ್ಗವಾಗಿ ಹೋಗುವ ಅಮಲ್ದಾರರೊಬ್ಬರಿಂದ ಒಂದು ಪುಟ್ಟ ಹಳೇ ಕಾರು ಅವರ ಕೊಟ್ಟಿಗೆಗೆ ಬಂದು ಸೇರಿತ್ತು. ಒಳಗೆ ಇಬ್ಬರು ನೆಟ್ಟಗೆ, ಇನ್ನಿಬ್ಬರು ಮುದುಡಿಕೊಂಡು ಕೂರಬಹುದಾದ ಕಾರು. ಎರಡು ಎಮ್ಮೆಗಳ ನಡುವೆ ನಿಂತಿತ್ತು.

ನಮ್ಮ ಯಜಮಾನರು ಅದರ ಸುತ್ತ ಮೂರು ಸಲ ತಿರುಗಿದರು. ಬೆನ್ನು ತಟ್ಟಿದರು. ಎಲ್ಲಾದರೂ ಕೆಟ್ಟ ಸುಳಿ ಇದೆಯೇ ಎಂದು ಬಗ್ಗಿ ಹೊಟ್ಟೆಯ ಕೆಳಗೆಲ್ಲ ನೋಡಿದರು. ದೀಪದ ಎದುರು ಟವಲ್ ಬೀಸಿ, ಬೆದರುತ್ತದೆಯೇ ಎಂದು ಪರೀಕ್ಷಿಸಿದರು. ಅದು ಬೆದರಲಿಲ್ಲ.

"ಒದೆಯೋ ಚಾಳಿ ಏನಾರ ಐತಾ ಸಾಬ್ರೇ?"

"ತೋಬಾ ತೋಬಾ. ಬಹಳ ಗರೀಬ್ ಗಾಡಿ ಓಬಳಯ್ಯ. ಮಕ್ಳು ಹತ್ರ ಹೋದ್ರೂ ಏನೂ ಮಾಡಲ್ಲ."

ಟವಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿತು. ಮೊಹಿದ್ದೀನ್ ಸಾಹೇಬರು ಕಾರಿನ ಮೂತಿಯೊಳಗೆ ಒಂದು ಸೊಟ್ಟ ಕಬ್ಬಿಣದ ಹಿಡಿ ತೂರಿಸಿ ಗರಗರನೆ ತಿರುಗಿಸಿದರು. ಕಾರು ಕೆಮ್ಮಿ ಎದ್ದಿತು. ಅವರು ಹಿಡಿಯನ್ನು ಹೊರಗೆಳೆದು, ಒರೆಸಿ, ತಮ್ಮ ಮನೆಯ ಗೂಟಕ್ಕೆ ತಗುಲಿಹಾಕಿದರು.

ನಮ್ಮ ಕಡೆ ಎತ್ತು ಮಾರಿದವನು ಹಗ್ಗ ಕೊಡುವುದಿಲ್ಲ. ಕೊಟ್ಟರೆ ಅವನ ಕೊಟ್ಟಿಗೆಯ ಅದೃಷ್ಟವೂ ಹಗ್ಗದ ಹಿಂದೆಯೇ ಹೊರಟುಹೋಗುತ್ತದಂತೆ. ಹೊಸ ಹಗ್ಗ ಕೊಂಡವನೇ ತರಬೇಕು. ಕಾರನ್ನು ಎಬ್ಬಿಸುವ ಹಿಡಿ ಕಾರಿನ ಹಗ್ಗವೇ ಎಂಬುದರಲ್ಲಿ ಆ ಇಬ್ಬರಿಗೂ ಎಳ್ಳಷ್ಟು ಅನುಮಾನವಿರಲಿಲ್ಲ. ನಮ್ಮ ಯಜಮಾನರು ಅರಿಶಿನ ಹಚ್ಚಿದ ಹೊಸ ಹಗ್ಗವನ್ನು ಮನೆಯಿಂದಲೇ ಒಯ್ದಿದ್ದರು. ಅದನ್ನು ಕಾರಿನ ಮೂತಿಗೆ ಕಟ್ಟಿ, ಸಾಹೇಬರ ಮಗನಿಂದ ಎರಡು ದಿನ ಓಡಿಸುವುದು ಕಲಿತು, ಗೆದ್ದವರಂತೆ ನಮ್ಮೂರು ತಾವರೆಕೆರೆಗೆ ಬಂದು ಮನೆ ಮುಂದೆ ನಿಲ್ಲಿಸಿದರು. ಕಾರು ನಿಂತಿತು. ಮತ್ತೆ ಏಳಲಿಲ್ಲ.

"ಆ ಹಿಡಿ ಇಸ್ಕಂಡು ಬನ್ನಿ" ಎಂದೆ.

"ಯಾವ ಮಖ ಇಟ್ಕಂಡು ಹಗ್ಗ ಕೇಳಾನ? ನಾನು ಮೂವತ್ತು ವರ್ಸದಿಂದ ಎತ್ತು ಮಾರ್ತಾ ಇವ್ನಿ. ಯಾರಿಗಾರ ಹಗ್ಗ ಕೊಟ್ಟಿದ್ದೀನಾ?"

ಕಮ್ಮಾರ ಕಾಟಪ್ಪ ಹೊಸ ಹಿಡಿ ಮಾಡಿಕೊಡುತ್ತೇನೆಂದ. ಮಾಡಿದ. ಅದು ಬಾವಿಯ ರಾಟೆಗೆ ಬಹಳ ಚೆನ್ನಾಗಿ ಕೂತಿತು, ಕಾರಿಗೆ ಕೂರಲಿಲ್ಲ. ತಾಳಲಾರದೆ ನಾನೇ ಶಿರಾಕ್ಕೆ ಹೋಗಿ ಸಾಹೇಬರ ಹೆಂಡತಿ ಶಹರ್ಬಾನುವನ್ನು ಕೇಳಿದೆ. ಆಕೆ ಕಾಫಿ ಕೊಟ್ಟಳು, ತಾಂಬೂಲ ಕೊಟ್ಟಳು, ಒಂದು ಕೋಳಿ ಕೊಟ್ಟಳು. "ಅದೊಂದು ಮಾತ್ರ ಕೇಳಬೇಡ ಕಣಮ್ಮ, ಮನೆ ಬರಕತ್ ಹೋಗುತ್ತೆ" ಎಂದಳು.

ಕೊನೆಗೆ ಉಳಿದದ್ದು ನೂಕುವುದೊಂದೇ. ಹತ್ತು ಜನ ಹಿಂದಿನಿಂದ ನೂಕಿದರೆ ಕಾರು ಏಳುತ್ತಿತ್ತು. ಎದ್ದ ಮೇಲೆ ನಿಲ್ಲಿಸುವ ಹಾಗಿರಲಿಲ್ಲ. ಮದುವೆಯ ಹಿಂದಿನ ದಿನ ಬೆಳಿಗ್ಗೆ ಊರೇ ಬಂದು ನೂಕಿತು. ನಾನು ರೇಷ್ಮೆ ಸೀರೆಯುಟ್ಟು, ಪಾವಗಡದ ಬಾಗಿಲಲ್ಲಿ ಹೇಗೆ ಇಳಿಯಬೇಕು, ಅಪ್ಪನನ್ನು ಹೇಗೆ ನೋಡಬೇಕು, ಮೊದಲು ಯಾವ ಕಾಲು ಕೆಳಗಿಡಬೇಕು ಎಂದೆಲ್ಲ ಯೋಚಿಸುತ್ತ ಕೂತೆ.

ದಾರಿಯುದ್ದಕ್ಕೂ ಎಲ್ಲೂ ನಿಲ್ಲಿಸಲಿಲ್ಲ. ಬುತ್ತಿಯನ್ನು ಓಡುವ ಕಾರಿನಲ್ಲೇ ತಿಂದೆವು. ನಮ್ಮ ನಾದಿನಿಯ ಊರಿನಲ್ಲಿ ಅವಳು ಕಾರಿನ ಪಕ್ಕದಲ್ಲೇ ಓಡುತ್ತ ಮಜ್ಜಿಗೆ ಕೊಟ್ಟು, ಚೊಂಬು ವಾಪಸು ಇಸಕೊಂಡಳು. ನಮ್ಮೂರಿಗೂ ಪಾವಗಡಕ್ಕೂ ನಡುವೆ ಚಾಚಿಕೊಂಡಿದ್ದ ಮದ್ರಾಸಿನವರ ಸೀಮೆ ದಾಟುವಾಗ ಒಬ್ಬ ಪೇದೆ ಕೈ ಅಡ್ಡ ಹಿಡಿದ. ನಮ್ಮ ಯಜಮಾನರು ಎರಡೂ ಕೈ ಎತ್ತಿ ಅವನಿಗೆ ನಮಸ್ಕಾರ ಮಾಡುತ್ತಲೇ ಮುಂದೆ ಹೋದರು. ಅವನು ಪಕ್ಕಕ್ಕೆ ಹಾರಿಕೊಂಡ.

ಪಾವಗಡದ ಕೋಟೆ ಬೆಟ್ಟ ಕಣ್ಣಿಗೆ ಕಂಡಿತು. ಅಪ್ಪನ ಮನೆಗೆ ಇನ್ನು ಎರಡು ಫರ್ಲಾಂಗು ಇರುವಾಗ ಇನ್ನೂರು ಕುರಿ ರಸ್ತೆಗೆ ಅಡ್ಡ ಬಂದವು. ಕಾರು ನಿಂತಿತು. ನನಗೆ ಅಳು ಬಂತು.

ಕುರಿಯವನು ಒಬ್ಬನೇ. ನೂಕಲು ಜನ ಸಾಲದು. ಹಿಂದೆ ಬರುತ್ತಿದ್ದ ಗಾಡಿಯವನೊಬ್ಬ ಪಾಪ, ಕೇಳದೆಯೇ ತನ್ನ ಎತ್ತು ಬಿಚ್ಚಿ ತಂದು ನಮ್ಮ ಅರಿಶಿನದ ಹಗ್ಗಕ್ಕೆ ಕಟ್ಟತೊಡಗಿದ. "ಎತ್ತು ಕಟ್ಟಿದ್ರೆ ನಾನು ಇಲ್ಲೇ ಸಾಯ್ತೀನಿ" ಎಂದೆ. ನಮ್ಮ ಯಜಮಾನರು ಆ ಎತ್ತುಗಳ ಹಲ್ಲು ನೋಡುತ್ತ ನಿಂತರು.

ಸುದ್ದಿ ಹೇಗೆ ಹೋಯಿತೋ, ಅಪ್ಪ ಬಂದ. ಮೆಟ್ಟು ಹಾಕಿರಲಿಲ್ಲ. ಬಿಸಿಲಲ್ಲಿ ಓಡಿಕೊಂಡು ಬಂದಿದ್ದ. ಐದು ವರ್ಷಕ್ಕೆ ಹತ್ತು ವರ್ಷದಷ್ಟು ಸೊರಗಿದ್ದ. ಅವನೇನಾದರೂ ನಕ್ಕರೆ ಏನು ಹೇಳಬೇಕೆಂದು ನಾನು ಸಿದ್ಧವಾಗಿದ್ದೆ. ಅವನು ಕಾರು ನೋಡಿದ, ನನ್ನನ್ನು ನೋಡಿದ, ಎತ್ತುಗಳನ್ನು ನೋಡಿದ.

"ಲೇ, ಆ ಎದ್ದುಲು ಬಿಚ್ಚಲೇ" ಎಂದು ಎತ್ತುಗಳ ಕಡೆ ಕೈ ತೋರಿಸಿ ಗಾಡಿಯವನನ್ನು ಗದರಿಸಿದ. "ನಮ್ಮ ಗಂಗ ಮೋಟಾರ್‌ನಾಗೆ ಬತ್ತೀನಿ ಅಂದಿತ್ತು. ಮೋಟಾರ್‌ನಾಗೇ ಬರ್ಲಿ."

ರುಮಾಲು ಬಿಚ್ಚಿ ಸೊಂಟಕ್ಕೆ ಸುತ್ತಿ, ಕಾರಿನ ಹಿಂದೆ ಹೋಗಿ ಹೆಗಲು ಕೊಟ್ಟ. ಗಾಡಿಯವನೂ ಕುರಿಯವನೂ ಸೇರಿದರು. ನಮ್ಮ ಯಜಮಾನರು ಓಡಿಸಲು ಹತ್ತಿದರು. ಕಾರು ಮೊಳ ಮೊಳವಾಗಿ ಮುಂದೆ ಹೋಯಿತು. ಹಿಂದಿನ ಗಾಜಿನಲ್ಲಿ ತಿರುಗಿ ನೋಡಿದೆ. ಅಪ್ಪನ ಕತ್ತಿನ ನರ ಉಬ್ಬಿದ್ದವು, ಕೆಮ್ಮು ಬೇರೆ. ನಾನು ಬಾಗಿಲು ತೆಗೆದು ಇಳಿದುಬಿಟ್ಟೆ. ಯಾವ ಕಾಲು ಮೊದಲು ಇಟ್ಟೆನೋ ನೋಡಲಿಲ್ಲ.

"ಎಕ್ಕು ಗಂಗ, ಹತ್ತು ಒಳಕ್ಕೆ. ಮನೆ ಬಾಗ್ಲು ಇನ್ನೂ ದೂರ ಐತೆ" ಎಂದ ಅಪ್ಪ, ಏದುಸಿರು ಬಿಡುತ್ತ. "ಇಲ್ಲೇ ಇಳಿದ್ರೆ ನಿನ್ನ ಮಾತು ಹೋಯ್ತದೆ."

"ಹೋಗ್ಲಿ ಬುಡಪ್ಪ" ಎಂದು ಅವನ ಪಕ್ಕದಲ್ಲಿ ನಾನೂ ಹೆಗಲು ಕೊಟ್ಟೆ.

ನನ್ನ ಭಾರ ಇಳಿದದ್ದಕ್ಕೋ ಏನೋ, ಕಾರು ಫಟ್ಟೆಂದು ಎದ್ದು ನಮ್ಮಿಬ್ಬರ ಮುಖಕ್ಕೂ ಹೊಗೆ ಉಗಿದು ಓಡಿಹೋಯಿತು. ನಿಲ್ಲಿಸಿದರೆ ಕೆಟ್ಟಿತೆಂದು ನಮ್ಮ ಯಜಮಾನರು ತಿರುಗಿಯೂ ನೋಡಲಿಲ್ಲ. ಮಗಳಿಗೆಂದು ಬಾಗಿಲಲ್ಲಿ ಹಿಡಿದುಕೊಂಡಿದ್ದ ಆರತಿಯನ್ನು ಅವರೊಬ್ಬರಿಗೇ ಎತ್ತಿದರಂತೆ, ವಾದ್ಯ ಬಾರಿಸಿದರಂತೆ. ಅಪ್ಪನೂ ನಾನೂ ಮಸಿ ಮುಖದಲ್ಲಿ ನಡೆದುಕೊಂಡು ಬಂದೆವು. ಅಪ್ಪ ನನ್ನ ಕೈ ಹಿಡಿದು, ಈ ವರ್ಷದ ಹುಣಸೆ ಫಸಲು, ಅಮ್ಮನ ಮಂಡಿನೋವು, ಬೀಗರ ಜಿಪುಣತನ, ಎಲ್ಲ ಹೇಳುತ್ತಲೇ ಇದ್ದ. ಆ ಮಾತಿನ ನಡುವೆ ಹೊಸ್ತಿಲು ಯಾವಾಗ ದಾಟಿದೆನೋ ನನಗೆ ತಿಳಿಯಲಿಲ್ಲ.