ಮಂಗಳವಾರದ ಇಳಿತ

ಮಗಳು ತನ್ನ ಮದುವೆ ಮಂಗಳವಾರ ಅಂದದ್ದೇ ತಡ, ನಮ್ಮನೆಯವರು ಕಾಫಿ ಕೆಳಗಿಟ್ಟು ಮೂರು ಸಲ ಥೂ ಥೂ ಥೂ ಅಂದರು. ಕಾನ್‌ಸ್ಟಾಂಟಿನೋಪಲ್‌ನಂಥ ಪಟ್ಟಣವೇ ಮಂಗಳವಾರ ಶತ್ರುಗಳ ಕೈಗೆ ಬಿತ್ತಂತೆ. ಐನೂರು ವರ್ಷ ದಾಟಿದರೂ ನಮ್ಮ ಗ್ರೀಕರಿಗೆ ಆ ಸೂತಕ ಕಳೆದಿಲ್ಲ, ನೋಡಿ.

“ನಾನಂತೂ ಬರಲ್ಲ,” ಅಂದರು.

“ಬುಧವಾರ ಯಾಸೋನಸ್ ಹಡಗು ಹತ್ತಬೇಕು ಅಪ್ಪ. ಪುರಸಭೆಯಲ್ಲಿ ಸಿಕ್ಕಿದ್ದು ಇದೊಂದೇ ದಿನ,” ಅಂದಳು ಮಗಳು ಮಿರ್ತೊ. ಯಾಸೋನಸ್ ಅವಳ ಮದುವೆ ಗಂಡು, ಹಡಗಿನಲ್ಲಿ ಕೆಲಸ, ಹೊರಟರೆ ತಿಂಗಳುಗಟ್ಟಲೆ ಬರುವುದಿಲ್ಲ.

“ಹೋಗಿ ಬರಲಿ. ಆಮೇಲೆ ಮಾಡ್ಕೊಳ್ಳಿ.”

“ಅಷ್ಟರಲ್ಲಿ ನಿನ್ನ ಮೊಮ್ಮಗು ಹುಟ್ಟಿರತ್ತೆ.”

ನನಗೆ ನಗು, ಸಿಟ್ಟು ಎರಡೂ ಬಂತು. ಯಾಕೆ ಗೊತ್ತಾ? ನಮ್ಮ ಹೊಟ್ಟೆ ತುಂಬಿಸಿದ್ದೇ ಈ ಮಂಗಳವಾರ! ಇವರು ಅಥೆನ್ಸ್ ಶೇರುಪೇಟೆಯಲ್ಲಿ ದಲ್ಲಾಳಿ. ಮಂಗಳವಾರ ಬಂತೆಂದರೆ ಊರವರಿಗೆ ಹೊಸದಾಗಿ ಏನೂ ಕೊಳ್ಳಲು ಅಂಜಿಕೆ, ಶೇರಿನ ಬೆಲೆ ಜಗ್ಗುತ್ತಿತ್ತು. ಆಗ ಇವರು ಸದ್ದಿಲ್ಲದೆ ಕೊಂಡು, ಶುಕ್ರವಾರ ಜನ ಗೆಲುವಾದಾಗ ಮಾರುತ್ತಿದ್ದರು. ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಮಿರ್ತೊ ಹಳೇ ಬೆಲೆಗಳನ್ನೆಲ್ಲ ಜಾಲಾಡಿ, “ಬೇರೆ ದೇಶದಲ್ಲಿ ಶೇರು ಬೀಳೋದು ಸೋಮವಾರ, ನಮ್ಮಲ್ಲಿ ಮಾತ್ರ ಮಂಗಳವಾರ ಬೀಳ್ತಿತ್ತಮ್ಮ, ಅಪ್ಪ ಹೇಳ್ತಿದ್ದದ್ದು ನಿಜ,” ಅಂದಿದ್ದಳು.

“ಊರೆಲ್ಲ ಹೆದರೋ ದಿನ ನೀನೊಬ್ಬನೇ ಹೆದರದೆ ಕೊಂಡೋನು,” ಅಂದಳು ಈಗ. “ನನ್ನ ಓದು, ಈ ಮನೆ, ಎಲ್ಲ ಮಂಗಳವಾರದ್ದೇ. ಆ ಧೈರ್ಯ ಎಲ್ಲಿ ಹೋಯ್ತು?”

“ಅವು ಶೇರು ಕಣೇ! ಇನ್ನೂ ಬಿದ್ದರೆ ಮಾರಿ ಕೈ ತೊಳ್ಕೋತಿದ್ದೆ. ನಿಂಗೇನಾದ್ರೂ ಆದ್ರೆ ನಾನೇನ್ ಮಾಡ್ಲಿ?”

ಬೈಯಲು ಬಾಯಿ ತೆರೆದಿದ್ದ ನಾನು ಇವರ ಆರಿದ ಕಾಫಿ ಬಿಸಿಮಾಡಲು ಎದ್ದೆ. ಮಿರ್ತೊ ಕಣ್ಣೊರೆಸಿಕೊಂಡು ಹೊರಟುಹೋದಳು.

ಮಂಗಳವಾರ ಬೆಳಗ್ಗೆ ಇವರ ಸೂಟು ಇಸ್ತ್ರಿ ಮಾಡಿ ಕುರ್ಚಿಗೆ ಹಾಕಿದೆ. “ಬಂದ್ರೆ ಬನ್ನಿ, ಇಲ್ಲಾಂದ್ರೆ ಮೋರೆ ಊದಿಸ್ಕೊಂಡು ಇಲ್ಲೇ ಬಿದ್ದಿರಿ,” ಅಂದು ಹೊರಟೆ. ನನ್ನ ಜೀವ ಮಾತ್ರ ಅಲ್ಲೇ ಇತ್ತು.

ಪುರಸಭೆಯಲ್ಲಿ ನಮ್ಮ ಸರದಿ ಬಂತು. ಕಿಟಕಿಯಿಂದ ಇಣುಕಿದರೆ, ರಸ್ತೆಯಾಚೆ ಕಿತ್ತಳೆ ಮರದ ಕೆಳಗೆ ಸೂಟು ಹಾಕಿಕೊಂಡು ನಿಂತಿದ್ದಾರೆ ಪುಣ್ಯಾತ್ಮ! ಒಂದು ಹೆಜ್ಜೆ ಮುಂದಿಡುತ್ತಾರೆ, ಮತ್ತೆ ಹಿಂದೆ ಹೋಗುತ್ತಾರೆ. ಮಿರ್ತೊ ಕೂಡ ನೋಡಿದಳು. ಗಂಡಿನ ಕೈ ಬಿಟ್ಟು, ಲಂಗ ಎತ್ತಿಕೊಂಡು ಮೆಟ್ಟಿಲಿಳಿದು ಓಡಿದಳು. ಹಿಂದೆಯೇ ನಾನು.

“ಬಾ ಅಪ್ಪ.”

“ನಂಗೆ ಭಯ ಕಣೇ.”

“ನಂಗೂ ಭಯಾನೇ. ಬೆಳಗ್ಗಿಂದ ಕೈಕಾಲು ನಡುಗ್ತಿದೆ. ಯಾವ ವಾರ ಆಗಿದ್ರೂ ನಡುಗ್ತಿತ್ತು.”

ಇವರು ಅವಳ ಎರಡೂ ಕೈ ಹಿಡಿದು ನೋಡಿದರು. ತಣ್ಣಗಿದ್ದವೇನೋ, ಗಸಗಸ ಉಜ್ಜತೊಡಗಿದರು.

“ನಡಿ ಹಾಗಾದ್ರೆ,” ಅಂದರು. “ಇಬ್ಬರೂ ಹೆದರ್ಕೊಂಡೇ ಹೋಗೋಣ.”

ಅಡ್ಡ ಬಂದ ಟ್ಯಾಕ್ಸಿಯವನಿಗೆ ಬೈಯುತ್ತ, ಅಳುತ್ತ, ನಾನೂ ಅವರ ಹಿಂದೆ ರಸ್ತೆ ದಾಟಿದೆ.