ಎರಡು ಬಣ್ಣ ಮೇಲೆ

ಕಣಿವೆಯ ಮಾಹಿತಿ ಕಚೇರಿಯಲ್ಲಿ ಗಾಸ್ಪಾರನ ಕೆಲಸ ಒಂದೇ. ಸ್ಕೀ ಆಡಲು ಬಂದವರ ಮುಖ ನೋಡಿ, ನಿಮ್ಮ ಯೋಗ್ಯತೆಗೆ ಇಂಥ ಬೆಟ್ಟ ಎಂದು ಹೇಳುವುದು. ಯೋಗ್ಯತೆ ಎಂಬ ಮಾತನ್ನು ಮಾತ್ರ ಬಾಯಿಬಿಟ್ಟು ಆಡುವಂತಿಲ್ಲ. ಇಳಿಜಾರು ಕಷ್ಟವಾದಂತೆ ಅದರ ಗುರುತಿನ ಬಣ್ಣ ಹಸಿರಿನಿಂದ ನೀಲಿಗೆ, ಕೆಂಪಿಗೆ, ಕೊನೆಗೆ ಕಪ್ಪಿಗೆ ಏರುತ್ತದೆ. ಚರ್ಚಿನ ಹಿಂದಿನ ಬಯಲು ಹಸಿರು. ಅದು ಮಕ್ಕಳಿಗೆ, ಮೊದಲ ಸಲ ಕಾಲಿಗೆ ಹಲಗೆ ಕಟ್ಟಿಕೊಂಡವರಿಗೆ. ಬಿಸಿಲು ಮಗ್ಗುಲಿನ ಶಾಲ್ಪ್ ಬೆಟ್ಟದಲ್ಲಿ ನೀಲಿ ದಾರಿಗಳಿವೆ, ಸ್ವಲ್ಪ ಧೈರ್ಯ ಬಂದವರಿಗೆ ಕೆಂಪು ದಾರಿಗಳೂ ಇವೆ. ಎದುರಿನ ಗ್ರಾಂದ್ ಪಾಂತ್ ಮಧ್ಯಾಹ್ನದವರೆಗೂ ನೆರಳಿನಲ್ಲೇ ಇರುತ್ತದೆ, ಅದು ಪೂರ್ತಿ ಕಪ್ಪು. ಅಲ್ಲಿಗೆ ಯಾರನ್ನಾದರೂ ಕಳಿಸುವ ಮುಂಚೆ ಗಾಸ್ಪಾರ್, ಹೋಗುವವನ ಹೆಂಡತಿಯ ಮುಖವನ್ನೂ ಒಮ್ಮೆ ನೋಡುತ್ತಿದ್ದ.

ಅವನ ಮೇಜಿನ ಮುಂದೆ ನಿಂತು ನಿಜ ಹೇಳಿದವರು ಕಡಿಮೆ. ಪ್ಯಾರಿಸಿನ ಹಲ್ಲಿನ ಡಾಕ್ಟರು ಬಂದು, "ನಾನು ಇಳಿಯದೇ ಇರೋ ಬೆಟ್ಟಾನೇ ಇಲ್ಲ ಕಣ್ರೀ," ಎನ್ನುತ್ತಾರೆ. ಸಂಜೆ ಅವರೇ ಕೈಗೆ ಪಟ್ಟಿ ಕಟ್ಟಿಸಿಕೊಂಡು ಔಷಧಿ ಅಂಗಡಿಯ ಮುಂದೆ ನಿಂತಿರುತ್ತಾರೆ. ಕಣಿವೆಯವರದು ಇದಕ್ಕೆ ತದ್ವಿರುದ್ಧ. ಮಾರ್ಗದರ್ಶಿ ಫರ್ನಾಂನನ್ನು ಕೇಳಿದರೆ, "ಏನೋಪ್ಪ, ಬೀಳದೆ ಮನೆ ಸೇರಿದ್ರೆ ಸಾಕು," ಎಂದು ಮೂಗೊರೆಸಿಕೊಳ್ಳುತ್ತಾನೆ. ಆಸಾಮಿ ಗ್ರಾಂದ್ ಪಾಂತನ್ನು ಬಾಯಲ್ಲಿ ಪೈಪು ಇಟ್ಟುಕೊಂಡೇ ಇಳಿಯುವವನು. ಬಡಾಯಿ ಕೊಚ್ಚುವವನಿಗೆ ಈ ಕಣಿವೆಯಲ್ಲಿ ಯಾರೂ ಒಂದು ಲೋಟ ವೈನು ಕೊಡಿಸುವುದಿಲ್ಲ.

ಹಾಗಾಗಿ ಗಾಸ್ಪಾರ್ ಒಂದು ಸೂತ್ರ ಮಾಡಿಕೊಂಡಿದ್ದ. ಹೊರಗಿನವರು ಹೇಳಿದ್ದಕ್ಕೆ ಒಂದು ಬಣ್ಣ ಕೆಳಗೆ, ನಮ್ಮವರು ಹೇಳಿದ್ದಕ್ಕೆ ಎರಡು ಬಣ್ಣ ಮೇಲೆ. ತಾನೇ ಕಂಡುಹಿಡಿದ ಈ ಸೂತ್ರದ ಬಗ್ಗೆ ಅವನಿಗೆ ವಿಪರೀತ ಹೆಮ್ಮೆ. ಪಕ್ಕದ ಅಂಗಡಿಯಲ್ಲಿ ಸ್ಕೀ ಬೂಟು ಬಾಡಿಗೆಗೆ ಕೊಡುವ ಓದೀಲಳಿಗೆ ಅದನ್ನು ಊಟದ ಹೊತ್ತಿನಲ್ಲಿ ಬಿಡಿಸಿ ಬಿಡಿಸಿ ವಿವರಿಸಿದ್ದ. ಅವಳು ನಕ್ಕಳೆಂದು ಮಾರನೆಯ ದಿನ ಮತ್ತೆ ವಿವರಿಸಿದ. ಅವಳ ನಗು ಕೇಳಲು ಗಾಸ್ಪಾರ್ ಏನನ್ನು ಬೇಕಾದರೂ ವಿವರಿಸಲು ಸಿದ್ಧನಿದ್ದ. ಐವತ್ತು ದಾಟಿದ ಗಂಡಸು ಇಷ್ಟು ಪೆದ್ದಾಗಬಾರದು ಎಂದು ಅವನಿಗೂ ಗೊತ್ತಿತ್ತು.

ಇಡೀ ಕಣಿವೆಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ಗಾಸ್ಪಾರನಿಗೆ ಸ್ಕೀ ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಚರ್ಚಿನ ಹಿಂದಿನ ಬಯಲಿನಲ್ಲಿ, ಇಳಿಜಾರೇ ಇಲ್ಲದ ಕಡೆ, ನಿಂತಲ್ಲೇ ಬಿದ್ದು ಪಾದ್ರಿಯನ್ನೂ ಬೀಳಿಸಿದ್ದ. ಆಮೇಲೆ ಹಲಗೆ ಮುಟ್ಟಲಿಲ್ಲ. ಹಾಗಂತ ಅವನು ಮುಚ್ಚಿಟ್ಟವನಲ್ಲ. ಯಾರು ಕೇಳಿದರೂ, "ನಂಗೆ ಬರಲ್ಲ," ಎಂದು ಪಾದ್ರಿ ಬಿದ್ದ ಕಥೆಯ ಸಮೇತ ನಿಜವನ್ನೇ ಹೇಳುತ್ತಿದ್ದ. ಕೇಳಿದವರು ಕಣ್ಣು ಹೊಡೆದು ಹೋಗುತ್ತಿದ್ದರು. ಇಷ್ಟು ತಗ್ಗಿ ಮಾತಾಡಬೇಕಾದರೆ ಎಂಥ ನಿಪುಣನಿರಬೇಕು ಎಂದು ಊರೇ ತೀರ್ಮಾನಿಸಿತ್ತು. ಹೇಳಿ ಹೇಳಿ ಸುಸ್ತಾದ ಮೇಲೆ, ಬಿಟ್ಟಿ ಸಿಕ್ಕ ಮರ್ಯಾದೆ ಯಾಕೆ ಬಿಡಲಿ ಎಂದು ಅವನೂ ಸುಮ್ಮನಾದ.

ಮಾರ್ಚಿನಲ್ಲಿ ಓದೀಲಳ ಅಕ್ಕ ಸಮುದ್ರದ ಕಡೆಯ ಸ್ಯಾಂ ಮಾಲೋದಿಂದ ಫೋನು ಮಾಡಿದಳು. ಅಲ್ಲಿ ಇಬ್ಬರೂ ಸೇರಿ ಕ್ರೇಪ್ ಎಂಬ ಆ ಕಡೆಯ ತೆಳು ದೋಸೆಯ ಅಂಗಡಿ ಹಾಕೋಣ, ಇಲ್ಲಿಯ ಕೆಲಸ ಬಿಟ್ಟು ಬಂದುಬಿಡು ಎಂದಳಂತೆ. ಓದೀಲ್ ಅದನ್ನು ಗಾಸ್ಪಾರನಿಗೆ ಹೇಳಿ ಅವನ ಮುಖವನ್ನೇ ನೋಡಿದಳು. ಅವನು ಸಾಸೇಜನ್ನು ಸಣ್ಣಗೆ ಕತ್ತರಿಸುತ್ತ ಕೂತ.

"ಭಾನುವಾರ ಸಂಜೆ ಅಕ್ಕನಿಗೆ ಉತ್ತರ ಹೇಳ್ಬೇಕು," ಎಂದಳು ಓದೀಲ್. "ಅವತ್ತು ನನ್ನ ಜೊತೆ ಸ್ಕೀಗೆ ಬನ್ನಿ. ಒಂದು ದಿನಾನಾದ್ರೂ ಆ ಮೇಜು ಬಿಟ್ಟು ಏಳಿ. ಬೆಟ್ಟ ನೀವೇ ಆರಿಸಿ."

"ನಂಗೆ ಸ್ಕೀ ಬರಲ್ಲ, ಓದೀಲ್. ಚರ್ಚಿನ ಹಿಂದಿನ ಬಯಲೇ ನಂಗೆ ಜಾಸ್ತಿ."

ಅವಳು ಬೆರಳು ಮಡಿಸತೊಡಗಿದಳು. "ಹಸಿರು ಅಂದ್ರಿ. ಎರಡು ಬಣ್ಣ ಮೇಲೆ ಅಂದ್ರೆ ಕೆಂಪು. ಬರಲ್ಲ ಅಂತ ಬೇರೆ ಅಂದ್ರಲ್ಲ, ಅದಕ್ಕಿನ್ನೊಂದು ಸೇರಿಸಿ. ಕಪ್ಪು! ಗ್ರಾಂದ್ ಪಾಂತಿಗೇ ಹೋಗೋಣ."

"ಇಲ್ಲಮ್ಮ, ನಿಜವಾಗ್ಲೂ..."

"ಸಾಕು ಬಿಡಿ, ನಿಮ್ಮ ಸೂತ್ರ ನಂಗೇ ಹೇಳ್ಬೇಡಿ."

ಭಾನುವಾರ ಅವಳೇ ಅವನಿಗೆ ಬೂಟು ತೊಡಿಸಿದಳು. ಆ ಬೂಟಿನಲ್ಲಿ ಚಾಂಪಿಯನ್ನನೂ ಬಾತುಕೋಳಿಯ ಹಾಗೇ ನಡೆಯುವುದರಿಂದ ಕೇಬಲ್ ಕಾರಿನವರೆಗೆ ಗುಟ್ಟು ಬಯಲಾಗಲಿಲ್ಲ. ದಾರಿಯುದ್ದಕ್ಕೂ ಅವನು, ಈಗ ಹೇಳುತ್ತೇನೆ, ಆ ಕಂಬ ದಾಟಿದ ಮೇಲೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ತುದಿ ತಲುಪಿದ. ಇಳಿಜಾರಿನ ಅಂಚಿಗೆ ಬಂದು ಇಣುಕಿದಾಗ ಕಾಲಕೆಳಗೆ ದಾರಿಯೇ ಕಾಣಿಸಲಿಲ್ಲ, ದೂರದಲ್ಲಿ ಊರಿನ ಮನೆಗಳ ಮಾಡು ಕಾಣಿಸಿತು.

"ಓದೀಲ್, ದಮ್ಮಯ್ಯ, ನಂಗೆ ಬರಲ್ಲ. ಬಿದ್ದು ಸಾಯ್ತೀನಿ."

ಅಲ್ಲೇ ಹಗ್ಗ ಸುತ್ತುತ್ತಿದ್ದ ಫರ್ನಾಂ ಇದನ್ನು ಕೇಳಿಸಿಕೊಂಡ. "ಕೇಳಿದ್ರೇನ್ರೋ! ಗಾಸ್ಪಾರ್ ಬಿದ್ದು ಸಾಯ್ತಾನಂತೆ! ಜಾಗ ಬಿಡ್ರೋ ಎಲ್ಲಾ, ಇವತ್ತು ನೋಡೋ ಹಾಗಿರುತ್ತೆ!" ಎಂದು ಕೂಗಿದ. ಕಣಿವೆಯ ಏಳೆಂಟು ಜನ ಅಂಚಿನಲ್ಲಿ ಸಾಲಾಗಿ ನಿಂತರು. ಯಾರೋ ಟೋಪಿ ತೆಗೆದರು.

ಗಾಸ್ಪಾರನಿಗೆ ಅಳು ಬರುವುದೊಂದು ಬಾಕಿ. ಬರುವುದಿಲ್ಲ ಎಂದಷ್ಟೂ ಮೇಲೇರುತ್ತಿದ್ದಾನೆ. ಅತ್ತರಂತೂ ಚಪ್ಪಾಳೆಯೇ ಬೀಳುತ್ತದೆ. ತನಗೆ ಸ್ಕೀ ಬರುವುದಿಲ್ಲ ಎಂದು ಹೇಳಲು ಈ ಊರಿನವನಿಗೆ ಒಂದು ಮಾತೂ ಉಳಿದಿಲ್ಲವಲ್ಲ, ಇದ್ದ ಮಾತುಗಳನ್ನೆಲ್ಲ ಸೂತ್ರ ಮಾಡಿ ಕೆಡಿಸಿದವನು ತಾನೇ ಅಲ್ಲವೇ ಎಂದು ತನ್ನನ್ನೇ ಶಪಿಸಿಕೊಂಡ. ಆಗ ಅವನಿಗೆ ಪ್ಯಾರಿಸಿನ ಹಲ್ಲಿನ ಡಾಕ್ಟರ ನೆನಪಾಯಿತು.

ಅವನು ಎದೆಯುಬ್ಬಿಸಿದ. ಕೋಲನ್ನು ಹಿಮಕ್ಕೆ ಕುಟ್ಟಿ ಗಟ್ಟಿಯಾಗಿ ಹೇಳಿದ: "ನನ್ನಷ್ಟು ಚೆನ್ನಾಗಿ ಸ್ಕೀ ಮಾಡೋನು ಈ ಕಣಿವೆಲಿ ಇನ್ನೊಬ್ಬ ಇಲ್ಲ! ಈ ಗ್ರಾಂದ್ ಪಾಂತೆಲ್ಲ ನಂಗೆ ಯಾವ ಲೆಕ್ಕ! ಕಣ್ಣು ಮುಚ್ಕೊಂಡು ಇಳೀತೀನಿ!"

ಟೋಪಿ ತೆಗೆದವನು ಮತ್ತೆ ಹಾಕಿಕೊಂಡ. ಫರ್ನಾಂನ ಬಾಯಿಂದ ಪೈಪು ಜಾರಿತು.

"ಅಯ್ಯೋ ದೇವರೇ," ಎಂದ ಅವನು ಮೆಲ್ಲಗೆ. "ಇವನಿಗೆ ನಿಜವಾಗ್ಲೂ ಬರಲ್ಲ."

ಗ್ರಾಂದ್ ಪಾಂತಿನಿಂದ ಕೇಬಲ್ ಕಾರಿನಲ್ಲಿ ಕೆಳಗಿಳಿಯುವವರು ಕಾಲು ಮುರಿದವರು, ಇಲ್ಲವೇ ತುದಿಯ ಹೋಟೆಲಿನ ಅಡುಗೆಯವರು. ಮೇಲೇರುವ ಡಬ್ಬಿ ಎದುರಾದಾಗ ಅದರೊಳಗಿನವರೆಲ್ಲ ಗಾಜಿಗೆ ಮೂಗೊತ್ತಿ ಇವನನ್ನು ನೋಡಿದರು. ಗಾಸ್ಪಾರ್ ಅಡುಗೆಯವನಂತೆ ಕಾಣಲು ಪ್ರಯತ್ನಪಟ್ಟ. ಓದೀಲ್ ಇಳಿಜಾರು ಬಿಟ್ಟು ಅವನ ಜೊತೆಗೇ ಬಂದಿದ್ದಳು. ಅವಳು ನಗುತ್ತಿರಲಿಲ್ಲ, ಅದರಿಂದಲೇ ಅವನಿಗೆ ಹೆಚ್ಚು ಭಯವಾಗಿತ್ತು.

"ಇಷ್ಟು ವರ್ಷ ಯಾರಿಗೂ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದಳು.

"ಎಲ್ಲರಿಗೂ ಹೇಳ್ದೆ. ಯಾರೂ ನಂಬ್ಲಿಲ್ಲ."

ಅವಳು ಕೈಗವಸುಗಳನ್ನು ಕಳಚಿದಳು. ಊರಿನ ಮಾಡುಗಳು ಹತ್ತಿರವಾಗುತ್ತಿದ್ದವು.

"ಸಂಜೆ ಅಕ್ಕನಿಗೆ ಫೋನು ಮಾಡ್ಬೇಕು," ಎಂದಳು. "ನಾನು ಸ್ಯಾಂ ಮಾಲೋಗೆ ಹೋದ್ರೆ ನಿಮಗೆ ಏನನ್ಸುತ್ತೆ?"

ಹೇಳಬೇಕಾದ್ದು ಬಹಳವಿತ್ತು. ನೀನಿಲ್ಲದ ಊಟದ ಹೊತ್ತನ್ನು ನೆನೆಸಿಕೊಂಡರೆ ಎದೆ ಹಿಂಡುತ್ತದೆ ಎಂದು ಹೇಳಬೇಕಿತ್ತು. ಆದರೆ ಹುಟ್ಟಿನಿಂದ ಬಂದ ನಾಲಿಗೆ ಅದು, ಕಣಿವೆಯ ನಾಲಿಗೆ.

"ಏನಿಲ್ಲ," ಎಂದ ಗಾಸ್ಪಾರ್, ಬೂಟಿನ ತುದಿ ನೋಡುತ್ತ. "ಸ್ವಲ್ಪ ಬೇಜಾರಾಗ್ಬಹುದು."

ಹೇಳಿದ ಕೂಡಲೇ, ಹಾಳಾದವನೇ, ಇಲ್ಲೂ ಬಿದ್ದೆಯಾ ಎಂದು ಕಣ್ಣು ಮುಚ್ಚಿಕೊಂಡ.

ಕಣ್ಣು ಬಿಟ್ಟಾಗ ಓದೀಲ್ ಬೆರಳು ಮಡಿಸುತ್ತಿದ್ದಳು.

"ಸ್ವಲ್ಪ ಬೇಜಾರು ಅಂದ್ರೆ ನೀಲಿ," ಎಂದಳು. "ಅದಕ್ಕೆ ಎರಡು ಬಣ್ಣ ಮೇಲೆ."

ಎಣಿಸಿ ಮುಗಿಸಿದ ಬೆರಳುಗಳನ್ನು ಅವಳು ಮತ್ತೆ ಬಿಡಿಸಲಿಲ್ಲ. ಆ ಮುಷ್ಟಿಯನ್ನೇ ಅವನ ಕೈಯೊಳಗೆ ಇಟ್ಟಳು.

"ನಾಳೆ ಬೆಳಿಗ್ಗೆ ಚರ್ಚಿನ ಹಿಂದಿನ ಬಯಲಿಗೆ ಬಾ, ಗಾಸ್ಪಾರ್," ಎಂದಳು. ನೀವು ಎನ್ನುವುದನ್ನು ಬಿಟ್ಟಿದ್ದಳು. "ನಾನು ಕಲಿಸ್ತೀನಿ. ಪಾದ್ರಿಗೆ ಮಾತ್ರ ಮೊದಲೇ ಹೇಳಿಬಿಡೋಣ."